ಚುಕ್ಕಿ ಎಷ್ಟು ದೊಡ್ಡದು? ಪಾಲಿಕ್ಯಾಪಿಲರಿ ಲೆನ್ಸ್ ಕೂರಿಸಿದ ಅನುಭವ

ಗೋಧಿ ಕಾಳಿನ ಅಡ್ಡಕೊಯ್ತದ ಮೇಲೆ ಒಂದೇ ಒಂದು ಗೆರೆ ಅಳೆಯಲು ನಮಗೆ ಮೊದಲು ಒಂದು ಇಡೀ ರಾತ್ರಿ ಬೇಕಾಗುತ್ತಿತ್ತು. ಪೂರ್ತಿ ಚಿತ್ರವಲ್ಲ, ಬರೀ ಒಂದು ಗೆರೆ. ಎಕ್ಸ್‌ರೇ ಟ್ಯೂಬಿನ ಮುಂದೆ 50 ಮೈಕ್ರಾನಿನ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಸಣ್ಣ ತೂತು, ಪಿನ್‌ಹೋಲ್. ಅದರ ಮುಂದೆ ಕಾಳಿನ ತೆಳ್ಳನೆ ಬಿಲ್ಲೆ. ಪಕ್ಕದಲ್ಲಿ ಡಿಟೆಕ್ಟರ್. ಸಂಜೆ ಶುರು ಮಾಡಿ ಹೋದರೆ ಬೆಳಗಾಗುವ ಹೊತ್ತಿಗೆ 60 ಬಿಂದುಗಳು ಸಿಕ್ಕಿರುತ್ತಿದ್ದವು.

ಎಕ್ಸ್‌ರೇ ಬಡಿದಾಗ ಪ್ರತಿಯೊಂದು ಧಾತುವೂ ತನ್ನದೇ ಗುರುತಿನ ಎಕ್ಸ್‌ರೇಯನ್ನು ತಿರುಗಿ ಹೊರಗೆ ಬಿಡುತ್ತದೆ. ಸತುವಿನದು 8.6 ಕೆಇವಿ (ಕಿರಣದ ಶಕ್ತಿಯನ್ನು ಅಳೆಯುವ ಮಾನ), ಕಬ್ಬಿಣದ್ದು 6.4, ಕ್ಯಾಲ್ಸಿಯಂನದು 3.7. ಡಿಟೆಕ್ಟರ್ ಅವನ್ನು ಬೇರೆ ಬೇರೆ ಎಣಿಸುತ್ತದೆ. ನಾವು ಹುಡುಕುತ್ತಿದ್ದದ್ದು ಇವೇ ಮೂರು. ಗೋಧಿಯಲ್ಲಿ ಸತು, ಕಬ್ಬಿಣ ಕಾಳಿನ ತುಂಬ ಸಮವಾಗಿ ಹರಡಿರುವುದಿಲ್ಲ. ಮೊಳಕೆಯ ಭಾಗದಲ್ಲಿ ಮತ್ತು ಸಿಪ್ಪೆಯ ಕೆಳಗಿರುವ ಅಲ್ಯುರೋನ್ ಪದರದಲ್ಲಿ ಜಾಸ್ತಿ. ಆ ಪದರ ಒಂದೇ ಜೀವಕೋಶದಷ್ಟು ದಪ್ಪ, ಅಂದರೆ ಸುಮಾರು 50 ಮೈಕ್ರಾನ್. ಅದನ್ನು 50 ಮೈಕ್ರಾನಿನ ಕಿರಣದಿಂದ ನೋಡುವುದು ದಪ್ಪ ಕುಂಚ ಹಿಡಿದು ಸಣ್ಣ ಅಕ್ಷರ ಬರೆದ ಹಾಗೆ. ಪಿನ್‌ಹೋಲನ್ನು 25 ಮೈಕ್ರಾನಿಗೆ ಇಳಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬಿಂದುಗಳು ಎರಡು ಪಟ್ಟಾಗುತ್ತವೆ. ಒಂದು ರಾತ್ರಿಯ ಕೆಲಸ ಎಂಟು ರಾತ್ರಿ ಆಗುತ್ತದೆ.

ಟ್ಯೂಬಿನಿಂದ ಎಕ್ಸ್‌ರೇ ಸುತ್ತಲೂ ಹರಡುತ್ತದೆ. ಪಿನ್‌ಹೋಲ್ ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ತಡೆಯುತ್ತದೆ. ಮಾಡಿನ ಮೇಲೆ ಸುರಿದ ಮಳೆಯನ್ನೆಲ್ಲ ಬಿಟ್ಟು ಒಂದು ಹನಿ ಹಿಡಿದುಕೊಂಡ ಹಾಗೆ. ಮಳೆ ನೀರನ್ನೆಲ್ಲ ಒಂದು ಲಾಳಿಕೆಗೆ ತಿರುಗಿಸುವ ಹಾಗಿದ್ದರೆ ಅಂತ ಎಷ್ಟೋ ಸಲ ಅನ್ನಿಸಿತ್ತು. ಪಾಲಿಕ್ಯಾಪಿಲರಿ ಲೆನ್ಸ್ ಮಾಡುವುದು ಅದನ್ನೇ.

ಅದು ಬಂದ ದಿನ ಪೆಟ್ಟಿಗೆ ಬಿಚ್ಚಿದಾಗ ಕೈಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ದಪ್ಪದ ಸ್ಟೀಲ್ ಕೊಳವೆ. ಎರಡೂ ತುದಿಗೆ ಮುಚ್ಚಳ. ಗಾಜು ಇರುವುದು ಒಳಗೆ. ಮುಚ್ಚಳ ತೆಗೆದು ತುದಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟಾಗ ಜೇನುಗೂಡು ಕಂಡಿತು. ಸಣ್ಣ ಸಣ್ಣ ತೂತು. ಅವು ಸೇರಿ ಒಂದು ಷಟ್ಕೋನ, ಅಂಥ ಷಟ್ಕೋನಗಳು ಸೇರಿ ಇನ್ನೂ ದೊಡ್ಡ ಷಟ್ಕೋನ. ಗಾಜಿನ ಕೊಳವೆಗಳನ್ನು ಕಟ್ಟಾಗಿ ಜೋಡಿಸಿ, ಕಾಯಿಸಿ ಎಳೆದು, ಎಳೆದ ಕಟ್ಟುಗಳನ್ನು ಮತ್ತೆ ಜೋಡಿಸಿ ಮತ್ತೆ ಎಳೆಯುತ್ತಾರೆ. ಅದರ ಗುರುತು ಅಲ್ಲಿ ಹಾಗೇ ಕಾಣುತ್ತಿತ್ತು. ಇಂಥ ಲೆನ್ಸಿನಲ್ಲಿ ಲಕ್ಷಗಟ್ಟಲೆ ಕೊಳವೆಗಳಿರುತ್ತವೆ. ನಮ್ಮದರಲ್ಲಿ ಒಂದೊಂದರ ಅಗಲ 5 ಮೈಕ್ರಾನ್. ಕೂದಲೆಳೆಗಿಂತ ಹತ್ತಾರು ಪಟ್ಟು ಸಣ್ಣದು. ಎಲ್ಲವೂ ಖಾಲಿ, ಎಲ್ಲವೂ ಒಂದೇ ಬಿಂದುವಿನತ್ತ ಬಾಗಿವೆ. ನಾನು ಅದನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ ಗೊತ್ತಿಲ್ಲ. ಮನುಷ್ಯರು ಗಾಜಿನಲ್ಲಿ ಮಾಡಿರುವ ಅತ್ಯಂತ ಸುಂದರ ಕೆಲಸಗಳಲ್ಲಿ ಇದೂ ಒಂದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎಕ್ಸ್‌ರೇಗೆ ಮಾಮೂಲಿ ಲೆನ್ಸ್ ಯಾಕೆ ಆಗುವುದಿಲ್ಲ ಅನ್ನುವುದು ಹಳೆಯ ಪ್ರಶ್ನೆ. 1895ರಲ್ಲಿ ರಾಂಟ್ಜನ್ ಈ ಕಿರಣವನ್ನು ಕಂಡುಹಿಡಿದಾಗಲೇ ಪ್ರಿಸಂ, ಲೆನ್ಸ್ ಎಲ್ಲ ಇಟ್ಟು ನೋಡಿದ್ದರು. ಕಿರಣ ಬಾಗಲಿಲ್ಲ. ಎಕ್ಸ್‌ರೇಗೆ ಗಾಜಿನ ವಕ್ರೀಭವನ ಸೂಚ್ಯಂಕ (ಒಳಗೆ ಹೋದ ಕಿರಣ ಎಷ್ಟು ಬಾಗುತ್ತದೆ ಅನ್ನುವುದರ ಅಳತೆ) 1ಕ್ಕಿಂತ ಸ್ವಲ್ಪವೇ ಸ್ವಲ್ಪ ಕಡಿಮೆ. ವ್ಯತ್ಯಾಸ ಹತ್ತು ಲಕ್ಷದಲ್ಲಿ ಕೆಲವು ಪಾಲು ಅಷ್ಟೇ. ಆದರೆ ಆ "ಸ್ವಲ್ಪ ಕಡಿಮೆ"ಯಲ್ಲೇ ಒಂದು ದಾರಿ ಇದೆ. ತೀರಾ ಓರೆಯಾಗಿ, ಮೇಲ್ಮೈಗೆ ಸವರಿದ ಹಾಗೆ ಬಂದರೆ ಎಕ್ಸ್‌ರೇ ಗಾಜಿನೊಳಗೆ ಹೋಗುವುದೇ ಇಲ್ಲ, ಪೂರ್ತಿ ಜಾರಿ ವಾಪಸ್ ಬರುತ್ತದೆ. ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಅಡ್ಡಡ್ಡ ಬೀಸಿದರೆ ಮುಳುಗದೆ ಜಿಗಿದುಕೊಂಡು ಹೋಗುತ್ತದಲ್ವಾ, ಹಾಗೆ. 1923ರಲ್ಲಿ ಭೌತವಿಜ್ಞಾನಿ ಕಾಂಪ್ಟನ್ ಇದನ್ನು ತೋರಿಸಿದರು. ಎಷ್ಟು ಓರೆ ಅನ್ನುವುದಕ್ಕೆ ನಮ್ಮ ಲ್ಯಾಬಿನ ಗೋಡೆಯ ಮೇಲೇ ಒಂದು ಸೂತ್ರ ಬರೆದಿದೆ: 30 ಅನ್ನು ಕಿರಣದ ಶಕ್ತಿಯಿಂದ ಭಾಗಿಸಿ. ಶಕ್ತಿ ಕೆಇವಿಯಲ್ಲಿ, ಉತ್ತರ ಮಿಲಿರೇಡಿಯನ್‌ನಲ್ಲಿ. ನಮ್ಮ ಟ್ಯೂಬಿನ ಮಾಲಿಬ್ಡಿನಂ ಕಿರಣ 17.5 ಕೆಇವಿ. ಭಾಗಿಸಿದರೆ 1.7 ಮಿಲಿರೇಡಿಯನ್, ಅಂದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಈ ಸೂತ್ರವನ್ನು ನೆನಪಿಟ್ಟುಕೊಳ್ಳಿ. ನಾನು ಮುಂದೆ ಮಾಡಿದ ತಪ್ಪು ಇದರೊಳಗೇ ಇತ್ತು.

ಇಷ್ಟು ಸಣ್ಣ ಕೋನದ ಒಂದೇ ಜಿಗಿತದಿಂದ ಕಿರಣವನ್ನು ಜಾಸ್ತಿ ತಿರುಗಿಸಲು ಆಗುವುದಿಲ್ಲ. ಕೊಳವೆಯೊಳಗೆ ಮತ್ತೆ ಮತ್ತೆ ಜಿಗಿಸುತ್ತ ಹೋದರೆ ಆಗುತ್ತದೆ. ಕೊಳವೆ ಸಣ್ಣದಾದಷ್ಟೂ ಅದನ್ನು ಜಾಸ್ತಿ ಬಗ್ಗಿಸಬಹುದು, ಏಕೆಂದರೆ ಅಗಲ ಕೊಳವೆಯಲ್ಲಿ ಕಿರಣ ನೇರವಾಗಿ ದೂರ ಓಡಿ ಎದುರಿನ ಗೋಡೆಗೆ ದೊಡ್ಡ ಕೋನದಲ್ಲಿ ಬಡಿಯುತ್ತದೆ. ಮೈಕ್ರಾನ್ ಲೆಕ್ಕದ ಕೊಳವೆಗಳೇ ಯಾಕೆ, ಅದೂ ಲಕ್ಷಗಟ್ಟಲೆ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಹೀಗೆ ಕೊಳವೆಗಳ ಕಟ್ಟನ್ನೇ ಲೆನ್ಸ್ ಮಾಡುವ ಯೋಚನೆಯನ್ನು 1980ರ ದಶಕದಲ್ಲಿ ಮಾಸ್ಕೋದಲ್ಲಿ ಮುರಾದಿನ್ ಕುಮಾಖೋವ್ ಮುಂದಿಟ್ಟರು. ಈಗಲೂ ಕೆಲವರು ಇದನ್ನು ಕುಮಾಖೋವ್ ಲೆನ್ಸ್ ಅಂತಲೇ ಕರೆಯುತ್ತಾರೆ.

ಇನ್ನು ಕೂರಿಸುವ ಕೆಲಸ. ಲೆನ್ಸನ್ನು ಐದು ಮೋಟಾರ್‌ಗಳ ಮೇಲೆ ಕಟ್ಟಿದ್ದೆವು: ಅಡ್ಡ, ಮೇಲೆ ಕೆಳಗೆ, ಹಿಂದೆ ಮುಂದೆ, ಮತ್ತು ಎರಡು ಓರೆ. ಲೆನ್ಸಿನ ಬಾಯಿ ಟ್ಯೂಬಿನ ಚುಕ್ಕಿಯಿಂದ, ಅಂದರೆ ಟ್ಯೂಬಿನೊಳಗೆ ಎಕ್ಸ್‌ರೇ ಹುಟ್ಟುವ ಜಾಗದಿಂದ, 50 ಮಿಲಿಮೀಟರ್ ದೂರ ಇರಬೇಕು. ಆಚೆ ತುದಿಯಿಂದ 10 ಮಿಲಿಮೀಟರ್ ದೂರದಲ್ಲಿ ಕಿರಣಗಳೆಲ್ಲ ಒಂದೆಡೆ ಸೇರುತ್ತವೆ. ಬಾಗಿಲು ಹಾಕಿ, ಬಾಗಿಲು ತೆರೆದರೆ ಎಕ್ಸ್‌ರೇ ನಿಲ್ಲಿಸುವ ಇಂಟರ್‌ಲಾಕ್ ಪರೀಕ್ಷಿಸಿ, ಕೋಟಿಗೆ ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು ಟ್ಯೂಬನ್ನು ಕಡಿಮೆ ಕರೆಂಟಿನಲ್ಲಿ ಹಚ್ಚಿದೆ. ಲೆನ್ಸಿನ ಮುಂದೆ ಎಕ್ಸ್‌ರೇ ಕ್ಯಾಮೆರಾ ಇಟ್ಟಿದ್ದೆ.

ಮೊದಲ ದಿನ ಏನೂ ಕಾಣಲಿಲ್ಲ. ಅಡ್ಡ ಓಡಿಸಿದೆ, ಮೇಲೆ ಕೆಳಗೆ ಓಡಿಸಿದೆ, ತೆರೆ ತುಂಬ ಮಸುಕು ಅಷ್ಟೇ. ಲೆನ್ಸೇ ಕೆಟ್ಟಿದೆಯೇನೋ ಅಂತ ಹೊಟ್ಟೆಯೊಳಗೆ ಸಂಕಟ ಶುರುವಾಯಿತು. ಕಾರಣ ರಾತ್ರಿ ಲೆಕ್ಕ ಹಾಕಿದಾಗ ಹೊಳೆಯಿತು. ಕೊಳವೆ ಒಪ್ಪಿಕೊಳ್ಳುವ ಕೋನ 1.7 ಮಿಲಿರೇಡಿಯನ್. 50 ಮಿಲಿಮೀಟರ್ ದೂರಕ್ಕೆ ಅದು ಹೆಚ್ಚುಕಮ್ಮಿ 85 ಮೈಕ್ರಾನ್. ಟ್ಯೂಬಿನ ಚುಕ್ಕಿ ಅಷ್ಟರೊಳಗೆ ಬಂದರೆ ಮಾತ್ರ ಲೆನ್ಸಿಗೆ ಕಾಣುತ್ತದೆ. ನಾನು ಇಟ್ಟಿದ್ದ ಹೆಜ್ಜೆ ಅರ್ಧ ಮಿಲಿಮೀಟರ್! ಬಾಗಿಲನ್ನು ದಾಟಿಕೊಂಡು ಹೋಗುತ್ತಲೇ ಇದ್ದೆ, ತಟ್ಟಿರಲಿಲ್ಲ. ಮರುದಿನ ಹೆಜ್ಜೆಯನ್ನು 30 ಮೈಕ್ರಾನಿಗೆ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾದಲ್ಲಿ ಒಂದು ಮೂಲೆಯಲ್ಲಿ ಹೊಳಪು ಕಾಣಿಸಿತು. ಹತ್ತಿರ ಹೋದ ಹಾಗೆಲ್ಲ ಅದು ಬೆಳೆಯಿತು, ಅದರೊಳಗೆ ಜೇನುಗೂಡಿನ ಗೆರೆಗಳು ಮೂಡಿದವು.

ಆಮೇಲೆ ಎರಡು ದಿನ ಇನ್ನೊಂದು ಸುಳಿಯಲ್ಲಿ ಸಿಕ್ಕಿಕೊಂಡೆ. ಅಡ್ಡ ಸರಿಸಿ ಅತಿ ಹೆಚ್ಚು ಬೆಳಕಿರುವ ಜಾಗ ಹಿಡಿಯುತ್ತಿದ್ದೆ. ಆಮೇಲೆ ಓರೆಯನ್ನು ಸ್ವಲ್ಪ ಬದಲಿಸಿ ಮತ್ತೆ ಹುಡುಕಿದರೆ ಆ ಶಿಖರ ಬೇರೆಲ್ಲೋ ಹೋಗಿರುತ್ತಿತ್ತು. ಅಲ್ಲೂ ಅಷ್ಟೇ ಬೆಳಕು. ಹೀಗೆ ಎರಡು ಮೋಟಾರ್‌ಗಳ ಹಿಂದೆ ಓಡುತ್ತ ಪುಟಗಟ್ಟಲೆ ಅಂಕಿ ಬರೆದುಕೊಂಡೆ. ನಮ್ಮ ಗೈಡ್ ಮೇಡಂ ಬಂದು ನೋಟ್‌ಬುಕ್ ತಿರುವಿ ನೋಡಿದರು.

"ಎರಡನ್ನೂ ಯಾಕೆ ಓಡಿಸ್ತಿದ್ದೀಯಾ? ಒಂದನ್ನ ಕಟ್ಟಿಹಾಕು," ಅಂದರು.

"ಮೇಡಂ, ಓರೆ ಸರಿ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ?"

"ಲೆನ್ಸನ್ನ ಟ್ಯೂಬಿನ ಚುಕ್ಕಿ ಸುತ್ತ ತಿರುಗಿಸಿದ್ರೆ ಏನು ಬದಲಾಗುತ್ತೆ, ಯೋಚನೆ ಮಾಡು."

ಬದಲಾಗುವುದು ಕಿರಣ ಹೋಗುವ ದಿಕ್ಕು ಮಾತ್ರ. ಲೆನ್ಸಿನ ಅಚ್ಚು ಚುಕ್ಕಿಯನ್ನು ನೋಡುತ್ತಿದ್ದರೆ ಸಾಕು, ಯಾವ ಕಡೆಯಿಂದ ನೋಡಿದರೂ ಬೆಳಕು ಅಷ್ಟೇ. ನಮ್ಮ ಓರೆಯ ಮೋಟಾರ್ ಲೆನ್ಸನ್ನು ಅದರ ನಡುವಿನಲ್ಲಿ ತಿರುಗಿಸುತ್ತಿತ್ತು. ಹಾಗಾಗಿ ಪ್ರತಿ ಓರೆಗೂ ಒಂದು ಅಡ್ಡ ಸರಿದಾಟ ಸೇರಿಕೊಂಡಿರುತ್ತಿತ್ತು. ನಾನು ಹುಡುಕುತ್ತಿದ್ದ ಶಿಖರ ಒಂದು ಬೆಟ್ಟದ ತುದಿಯಲ್ಲ, ಉದ್ದಕ್ಕೆ ಹೋಗುವ ಏಣು. ಅದರ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ. ಓರೆಯನ್ನು ನಿರ್ಧರಿಸಬೇಕಾದದ್ದು ಬೆಳಕಿನಿಂದಲ್ಲ. ಮಾದರಿಯನ್ನು ನೋಡುವ ಮೈಕ್ರೋಸ್ಕೋಪ್ ಮತ್ತು ಡಿಟೆಕ್ಟರ್ ಎಲ್ಲಿಗೆ ಗುರಿ ಇಟ್ಟಿವೆಯೋ ಅಲ್ಲಿಗೆ ಕಿರಣ ಬೀಳುವ ಹಾಗೆ ಅದನ್ನು ಇಡಬೇಕು, ಅಷ್ಟೇ. ಓರೆಯನ್ನು ಕಟ್ಟಿಹಾಕಿದೆ. ಅಡ್ಡ ಮತ್ತು ಎತ್ತರ ಅರ್ಧ ಗಂಟೆಯಲ್ಲಿ ಮುಗಿದವು.

ದೂರವನ್ನು ಕ್ಯಾಮೆರಾದ ಚಿತ್ರವೇ ಹೇಳಿಕೊಟ್ಟಿತು. 50 ಮಿಲಿಮೀಟರಿಗಿಂತ ಹಿಂದೆ ಮುಂದೆ ಇದ್ದಾಗ ನಡುವಿನ ಕೊಳವೆಗಳಷ್ಟೇ ಬೆಳಗುತ್ತವೆ. ಅಂಚಿನ ಕೊಳವೆಗಳು ಬಾಗಿ ನೋಡುತ್ತಿರುವ ಜಾಗದಲ್ಲಿ ಚುಕ್ಕಿ ಇರುವುದಿಲ್ಲ. ಸರಿಯಾದ ದೂರಕ್ಕೆ ಬಂದ ಹಾಗೆ ಬಿಲ್ಲೆ ಅಂಚಿನವರೆಗೂ ತುಂಬಿಕೊಳ್ಳುತ್ತದೆ, ಹುಣ್ಣಿಮೆ ಚಂದ್ರನ ಹಾಗೆ. ಆ ತುಂಬಿದ ಬಿಲ್ಲೆಯನ್ನು ನೋಡಿದಾಗ ಆದ ಸಂತೋಷ ಇನ್ನೂ ಮಾಸಿಲ್ಲ.

ಮರುದಿನ ಬೆಳಿಗ್ಗೆ ಬಂದು ಟ್ಯೂಬ್ ಹಚ್ಚಿದರೆ ಎಣಿಕೆ ಮೂರನೇ ಒಂದು ಭಾಗ ಕಡಿಮೆ. ಯಾರೂ ಏನೂ ಮುಟ್ಟಿರಲಿಲ್ಲ. ಎರಡು ಗಂಟೆ ಕಳೆದ ಮೇಲೆ ತಾನಾಗಿ ಸರಿಹೋಯಿತು. ಟ್ಯೂಬ್ ಬಿಸಿಯಾಗುವಾಗ ಎಕ್ಸ್‌ರೇ ಹುಟ್ಟಿಸುವ ಒಳಗಿನ ಲೋಹದ ತುಂಡು, ಆನೋಡ್, ಹಿಗ್ಗಿ ಚುಕ್ಕಿ ಹತ್ತಾರು ಮೈಕ್ರಾನ್ ಸರಿಯುತ್ತದೆ. ಪಿನ್‌ಹೋಲ್ ಇದ್ದ ಕಾಲದಲ್ಲಿ ಇದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಲೆನ್ಸಿಗೆ ಮಾತ್ರ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಅಂದಿನಿಂದ ಶಟರ್ ಮುಚ್ಚಿಟ್ಟು, ಕೆಲಸ ಮಾಡುವ ವೋಲ್ಟೇಜು, ಕರೆಂಟಿನಲ್ಲೇ ಎರಡು ಗಂಟೆ ಟ್ಯೂಬ್ ಉರಿಸಿ, ಆಮೇಲೆ ಅಳೆಯಲು ಕೂರುತ್ತೇವೆ. ತಣ್ಣಗಿರುವ ಟ್ಯೂಬಿಗೆ ಲೆನ್ಸ್ ಹೊಂದಿಸಿದರೆ ಮಾಡಿದ ಕೆಲಸವೆಲ್ಲ ಸುಮ್ನೆ ವ್ಯರ್ಥ.

ಒಂದು ವಿಷಯ ಮಧ್ಯದಲ್ಲಿ ಹೇಳಿಬಿಡುತ್ತೇನೆ. ಲೆನ್ಸಿನ ತುದಿಯಲ್ಲಿ ಧೂಳಿನ ಕಣ ಕಂಡರೂ ಅದನ್ನು ಒರೆಸಲು ಹೋಗಬೇಡಿ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹತ್ತಿಗೆ ಆಲ್ಕೋಹಾಲ್ ಅದ್ದಿಕೊಂಡು ತುದಿಯ ಹತ್ತಿರ ಕೈ ತಂದಿದ್ದ. ನಾನು ಕೂಗಿದ ರಭಸಕ್ಕೆ ಪಕ್ಕದ ಕೋಣೆಯವರು ಎದ್ದು ಬಂದರು. ಇದರ ಹೆಸರೇ ಕ್ಯಾಪಿಲರಿ ಅಲ್ವಾ? ಒಂದು ಹನಿ ತಾಗಿದರೆ ಸಾಕು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಕೊಳವೆಗಳು ಹೀರಿಕೊಳ್ಳುತ್ತವೆ. ಒಳಗೆ ಹೋದದ್ದು ಒಣಗಿ ಕಲೆ ಉಳಿಸಿದರೆ ತೆಗೆಯಲು ದಾರಿಯಿಲ್ಲ. ಕೆಲಸ ಇಲ್ಲದಾಗ ಮುಚ್ಚಳ ಹಾಕಿಡುವುದೊಂದೇ ಉಪಾಯ. ಇನ್ನೊಂದು ಅಪಾಯ ಆ 10 ಮಿಲಿಮೀಟರ್. ಮಾದರಿ ಅಷ್ಟು ಹತ್ತಿರ ಇರುವಾಗ ಒಂದು ತಪ್ಪು ಸಂಖ್ಯೆ ಟೈಪ್ ಮಾಡಿದರೆ ಮಾದರಿಯನ್ನು ಸರಿಸುವ ಸ್ಟೇಜ್ ನೇರ ಹೋಗಿ ಗಾಜಿಗೆ ಗುದ್ದುತ್ತದೆ. ನಾವು ಸ್ಟೇಜಿಗೆ ಒಂದು ಕಬ್ಬಿಣದ ತಡೆ ಕೂರಿಸಿದ್ದೇವೆ. ಸಾಫ್ಟ್‌ವೇರ್ ತಡೆಯನ್ನು ಮಾತ್ರ ನಂಬಿ ಕೂರಲು ನನಗೆ ಧೈರ್ಯವಿಲ್ಲ.

ಅಂತೂ ಗೋಧಿ ಕಾಳಿನ ಬಿಲ್ಲೆ ಇಟ್ಟೆವು. ಮೊದಲು ರಾತ್ರಿಯಿಡೀ ಹಿಡಿಯುತ್ತಿದ್ದ ಗೆರೆ ಕೆಲವೇ ನಿಮಿಷದಲ್ಲಿ ಮುಗಿಯಿತು. ಇಂಥ ಲೆನ್ಸುಗಳು ಅದೇ ಗಾತ್ರದ ಪಿನ್‌ಹೋಲಿಗಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರಾರು ಪಟ್ಟು ಜಾಸ್ತಿ ಬೆಳಕು ಕೊಡುತ್ತವೆ ಅಂತ ಓದಿ ಗೊತ್ತಿತ್ತು. ಕಣ್ಣೆದುರು ನೋಡುವುದು ಬೇರೆಯೇ. ಆ ರಾತ್ರಿ ಪೂರ್ತಿ ಚಿತ್ರಕ್ಕೆ ಹಚ್ಚಿ ಹೋದೆವು. ಬೆಳಿಗ್ಗೆ ತೆರೆಯ ಮೇಲೆ ಸತುವಿನ ಉಂಗುರ, ಕಬ್ಬಿಣದ ಉಂಗುರ. ಕಾಳಿನ ಹೊಟ್ಟೆಯ ಸೀಳಿನ ಹತ್ತಿರ ಅದು ಒಳಗೆ ಮಡಚಿಕೊಂಡು ಹೋಗುವುದೂ ಸ್ಪಷ್ಟವಾಗಿತ್ತು. ಕ್ಯಾಲ್ಸಿಯಂ ಕೂಡ ಉಂಗುರವೇ, ಆದರೆ ಸ್ವಲ್ಪ ಅಗಲ, ಒಳಗಡೆಗೆ ಹರಡಿಕೊಂಡ ಹಾಗೆ. ನಾನು ಅದೇ ದಿನ ಕೂತು ಚಿತ್ರದ ಕೆಳಗೆ ಬರೆದೆ: "ಕ್ಯಾಲ್ಸಿಯಂ ಅಲ್ಯುರೋನ್ ಪದರವನ್ನು ದಾಟಿ ಒಳಗಿನ ಹಿಟ್ಟಿನ ಭಾಗಕ್ಕೂ ಹರಡಿದೆ."

ಮೇಡಂ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಕ್ಯಾಲ್ಸಿಯಂಗೆ ನಿನ್ನ ಚುಕ್ಕಿ ಎಷ್ಟು ದೊಡ್ಡದು?"

"ಲೆನ್ಸಿನ ಜೊತೆ ಬಂದ ಕಾಗದದಲ್ಲಿ 25 ಮೈಕ್ರಾನ್ ಅಂತ ಇದೆ ಮೇಡಂ."

"ಯಾವ ಶಕ್ತಿಗೆ?"

ಕಾಗದ ತೆಗೆದು ನೋಡಿದೆ. 17.5 ಕೆಇವಿಗೆ.

ಅಲ್ಲಿಗೆ ಗೋಡೆಯ ಮೇಲಿನ ಸೂತ್ರ ನೆನಪಾಯಿತು. ಕೊಳವೆಯ ತುದಿಯಿಂದ ಹೊರಬರುವ ಕಿರಣ ನೇರ ಗೆರೆಯಲ್ಲ. ಆ 30 ಭಾಗಿಸು ಶಕ್ತಿ ಅನ್ನುವ ಕೋನದ ಸುಮಾರು 1.3 ಪಟ್ಟಿನಷ್ಟು ಅದು ಹರಡಿಕೊಂಡೇ ಬರುತ್ತದೆ. ಒಂದೊಂದು ಕೊಳವೆಯೂ 10 ಮಿಲಿಮೀಟರ್ ದೂರದಲ್ಲಿ ಒಂದು ಸಣ್ಣ ಮಸುಕು ಬಿಲ್ಲೆಯನ್ನು ಹಾಕುತ್ತದೆ. ಲಕ್ಷಗಟ್ಟಲೆ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಾಗ ಆಗುವುದೇ ನಮ್ಮ ಚುಕ್ಕಿ. ಲೆಕ್ಕ ಹಾಕಿದರೆ 17.5 ಕೆಇವಿಗೆ ಸುಮಾರು 23 ಮೈಕ್ರಾನ್. 8 ಕೆಇವಿಗೆ ಅದು 49ರ ಹತ್ತಿರ. ಟ್ಯೂಬಿನಿಂದ ಬರುವುದು 17.5 ಕೆಇವಿ ಒಂದೇ ಅಲ್ಲ. ಅದರ ಕೆಳಗೂ ಮೇಲೂ ಎಲ್ಲ ಶಕ್ತಿಗಳೂ ಬೆರೆತು ಬರುತ್ತವೆ. ಸತುವನ್ನು ಎಬ್ಬಿಸಲು, ಅಂದರೆ ಅದರ ಗುರುತಿನ ಎಕ್ಸ್‌ರೇ ಹೊರಡಿಸಲು, 9.7 ಕೆಇವಿಗಿಂತ ಜಾಸ್ತಿ ಬೇಕು, ಹಾಗಾಗಿ ಸತು ನೋಡುವುದು ಸಣ್ಣ ಚುಕ್ಕಿಯನ್ನೇ. ಕ್ಯಾಲ್ಸಿಯಂಗೆ 4 ಕೆಇವಿ ದಾಟಿದರೆ ಸಾಕು. ಅದನ್ನು ಎಬ್ಬಿಸುವುದರಲ್ಲಿ ಕಡಿಮೆ ಶಕ್ತಿಯ, ಅಗಲ ಹರಡಿದ ಕಿರಣಗಳದ್ದೇ ದೊಡ್ಡ ಪಾಲು. ಒಂದೇ ಲೆನ್ಸ್, ಒಂದೇ ಜಾಗ, ಒಂದೇ ಕ್ಷಣ. ಆದರೂ ಸತುವಿಗೆ ಒಂದು ಚುಕ್ಕಿ, ಕ್ಯಾಲ್ಸಿಯಂಗೆ ಇನ್ನೊಂದು.

ಲೆಕ್ಕ ಒಂದು ಕಡೆ ಇರಲಿ, ಅಳೆದೇ ನೋಡೋಣ ಅಂತ ಹೊರಟೆವು. ಸತುವಿನ ಬದಲಿಗೆ ತಾಮ್ರ, ಕ್ಯಾಲ್ಸಿಯಂ ಬದಲಿಗೆ ಟೈಟಾನಿಯಂ. ಎರಡೂ ತೆಳು ಹಾಳೆಯಾಗಿ ಸಿಗುತ್ತವೆ, ಎಬ್ಬಿಸಲು ಬೇಕಾದ ಶಕ್ತಿಯೂ ತಾಮ್ರದ್ದು ಸತುವಿಗೆ, ಟೈಟಾನಿಯಂನದು ಕ್ಯಾಲ್ಸಿಯಂಗೆ ಹತ್ತಿರ. ಹಾಳೆಯ ಅಂಚನ್ನು ಕಿರಣದ ಅಡ್ಡಕ್ಕೆ 2 ಮೈಕ್ರಾನ್ ಹೆಜ್ಜೆಯಲ್ಲಿ ಸರಿಸುತ್ತ ಎಣಿಕೆ ಹೇಗೆ ಏರುತ್ತದೆ ಅಂತ ಬರೆದುಕೊಳ್ಳುವುದು. ಏರು ಕಡಿದಾಗಿದ್ದರೆ ಚುಕ್ಕಿ ಸಣ್ಣದು. ಹೇಳಲು ಸುಲಭ. ಮೊದಲು ಕತ್ತರಿಯಿಂದ ಹಾಳೆ ಕತ್ತರಿಸಿದೆ. ಬಂದ ಅಂಕಿಗಳು ಏನೇನೋ ಇದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚು ರೊಟ್ಟಿಯ ಅಂಚಿನ ಹಾಗೆ ಮೇಲೆ ಎದ್ದು ಸುರುಳಿಕೊಂಡಿತ್ತು. ಆಮೇಲೆ ಗಾಜಿನ ಸ್ಲೈಡ್ ಮೇಲೆ ಹಾಳೆ ಒತ್ತಿ ಹಿಡಿದು, ಹೊಸ ಬ್ಲೇಡನ್ನು ನೇರವಾಗಿ ಮೇಲಿನಿಂದ ಒತ್ತಿ ಕತ್ತರಿಸಿದೆ. ಎಳೆದು ಕೊಯ್ಯಲಿಲ್ಲ, ಬರೀ ಒತ್ತಿದೆ. ಅಂಚು ಗೆರೆ ಎಳೆದ ಹಾಗೆ ಬಂತು. ಲೆನ್ಸಿನಿಂದ ಹಾಳೆಗಿರುವ ದೂರವನ್ನೂ 20 ಮೈಕ್ರಾನಿನಷ್ಟು ಬದಲಿಸುತ್ತ ಪ್ರತಿ ದೂರದಲ್ಲೂ ಅಳೆದೆ. ಕಿರಣ ಸೊಂಟದ ಹಾಗೆ ಒಂದು ಕಡೆ ಸಣ್ಣಗಾಗಿ ಮತ್ತೆ ಅಗಲವಾಗುತ್ತದೆ. ಆ ಸೊಂಟದ ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರಲಿಲ್ಲ. ಬಿಲ್ಲೆ ಸ್ವಲ್ಪ ವಾಲಿದ್ದರೂ ಒಂದು ಬದಿ ಮಸುಕಾಗುತ್ತದೆ ಅನ್ನುವುದು ಆಗ ತಿಳಿಯಿತು.

ಕೊನೆಗೆ ಸಿಕ್ಕ ಅಳತೆ: ತಾಮ್ರಕ್ಕೆ 31 ಮೈಕ್ರಾನ್, ಟೈಟಾನಿಯಂಗೆ 45.

ಈಗ ಸತುವಿನ ಚಿತ್ರವನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಬೇಕಂತಲೇ ಮಸುಕು ಮಾಡಿದೆ, 31ರ ಚುಕ್ಕಿ 45 ಆಗುವಷ್ಟು. ಹಾಗೆ ಮಾಡಿದ ಉಂಗುರವನ್ನು ಕ್ಯಾಲ್ಸಿಯಂ ಉಂಗುರದ ಪಕ್ಕ ಇಟ್ಟೆ. ಅಗಲ ಹೆಚ್ಚುಕಮ್ಮಿ ಒಂದೇ. ಕಾಳಿನೊಳಗೆ ಕ್ಯಾಲ್ಸಿಯಂ ಹರಡಿತ್ತು ಅಂತ ನಾನು ಬರೆದದ್ದು ಕಾಳಿನ ಗುಣವಲ್ಲ, ಗಾಜಿನ ಗುಣ. ಬರೆದದ್ದನ್ನು ಹೊಡೆದುಹಾಕಿದೆ. ಅದು ಹಾಗೇ ಹೊರಗೆ ಹೋಗಿದ್ದರೆ ಯಾರೋ ಅದನ್ನು ನಂಬಿ ಮುಂದಿನ ಕೆಲಸ ಕಟ್ಟುತ್ತಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅದೇ ವಾರ ಇನ್ನೊಂದನ್ನೂ ಗಮನಿಸಿದೆವು. ಶಕ್ತಿ ತೀರಾ ಜಾಸ್ತಿ ಇರುವ ಕಿರಣಗಳು ಕೊಳವೆಯ ಮಾತು ಕೇಳುವುದಿಲ್ಲ. ತೆಳು ಗಾಜಿನ ಗೋಡೆಗಳನ್ನು ತೂರಿಕೊಂಡು ಹೋಗಿ ಚುಕ್ಕಿಯ ಸುತ್ತ ಮಸುಕಾದ ಪ್ರಭೆ ಹಾಕುತ್ತವೆ. ತಾಮ್ರದ ಹಾಳೆಯಿಂದ ದೂರ ಬಂದ ಮೇಲೂ ತಾಮ್ರದ ಎಣಿಕೆ ಸೊನ್ನೆಗೆ ಇಳಿಯದೆ ಸಣ್ಣ ಬಾಲ ಉಳಿಯುತ್ತಿತ್ತು. ಟ್ಯೂಬಿನ ವೋಲ್ಟೇಜನ್ನು 50 ಕಿಲೋವೋಲ್ಟಿನಿಂದ 40ಕ್ಕೆ ಇಳಿಸಿದಾಗ ಆ ಬಾಲ ಕುಗ್ಗಿತು.

ಈ ನಡುವೆ ಪಕ್ಕದ ಮೇಜಿನವರಿಗೆ ಕೆಲವು ದಿನ ನೆರವಾಗಲು ಹೋಗಿದ್ದೆ. ಅವರದ್ದು ಎಕ್ಸ್‌ಟ್ರೀಮ್ ಅಲ್ಟ್ರಾವಯಲೆಟ್, ಅಂದರೆ 13.5 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕು. ಅತ್ಯಾಧುನಿಕ ಕಂಪ್ಯೂಟರ್ ಚಿಪ್ ಮುದ್ರಿಸಲು ಬಳಸುವ ಬೆಳಕು ಇದೇ. ಇದು ಒಂದು ಮಿಲಿಮೀಟರ್ ಗಾಳಿಯನ್ನೂ ಸರಿಯಾಗಿ ದಾಟಲಾರದು, ಎಲ್ಲ ಕೆಲಸ ನಿರ್ವಾತದಲ್ಲಿ. ಅಲ್ಲಿನ ಕ್ಯಾಪಿಲರಿಯ ಬದುಕೇ ಬೇರೆ. ಗಾಜಿನ ಮೇಲೆ ಈ ಬೆಳಕು ಜಾರುವ ಕೋನ 12 ಡಿಗ್ರಿಯ ಹತ್ತಿರ. ನಮ್ಮ ಮಾಲಿಬ್ಡಿನಂ ಕಿರಣಕ್ಕಿಂತ ನೂರು ಪಟ್ಟಿಗಿಂತ ಜಾಸ್ತಿ! ಲಕ್ಷ ಕೊಳವೆ ಬೇಡ, ಒಳಗೆ ನಯವಾಗಿರುವ ಒಂದೇ ಕೊಳವೆ ಒಂದೆರಡು ಜಿಗಿತದಲ್ಲಿ ಬೆಳಕನ್ನು ತಿರುಗಿಸುತ್ತದೆ. ಆದರೆ ಪ್ರತಿ ಜಿಗಿತದಲ್ಲೂ ಗಾಜು ಒಂದಷ್ಟು ಬೆಳಕನ್ನು ನುಂಗುತ್ತದೆ. ಹಾಗಾಗಿ ಜಿಗಿತ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್ನೊಂದು ಕ್ಯಾಪಿಲರಿ ಅವರ ಬಳಿ ಬೆಳಕನ್ನು ಹುಟ್ಟಿಸುವುದಕ್ಕೇ ಇತ್ತು. 150 ಮೈಕ್ರಾನ್ ತೂತಿನ ಗಾಜಿನ ಕೊಳವೆಯಲ್ಲಿ ಆರ್ಗಾನ್ ಅನಿಲ ತುಂಬಿ, ಅದರೊಳಗೆ ಫೆಮ್ಟೋಸೆಕೆಂಡ್ ಲೇಸರ್, ಅಂದರೆ ತೀರಾ ಚಿಕ್ಕ ಮಿಡಿತಗಳ ಲೇಸರ್, ಬಿಡುತ್ತಾರೆ. ಆಚೆ ತುದಿಯಲ್ಲಿ ಎಕ್ಸ್‌ಟ್ರೀಮ್ ಅಲ್ಟ್ರಾವಯಲೆಟ್ ಬರುತ್ತದೆ. ಮಾರ್ಗರೆಟ್ ಮರ್ನೇನ್, ಹೆನ್ರಿ ಕ್ಯಾಪ್ಟೇನ್ ತಂಡ 1998ರಲ್ಲಿ ತೋರಿಸಿದ ದಾರಿ ಇದು. ಅದಕ್ಕೂ ಮೊದಲು, 1994ರಲ್ಲಿ, ಹೋರ್ಹೆ ರೋಕಾ ಅವರ ತಂಡ ಆರ್ಗಾನ್ ತುಂಬಿದ ಕ್ಯಾಪಿಲರಿಯಲ್ಲಿ ವಿದ್ಯುತ್ ಹಾಯಿಸಿಯೇ 46.9 ನ್ಯಾನೋಮೀಟರಿನ ಲೇಸರ್ ಪಡೆದಿತ್ತು. ನಾನು ಹೋದ ದಿನ ಬೆಳಿಗ್ಗೆ ಲೇಸರ್ ಇನ್ನೂ ನೆಲೆಗೊಂಡಿರಲಿಲ್ಲ. ಕಿರಣ ಕೆಲವು ಮೈಕ್ರಾನ್ ಸರಿದು ಕೊಳವೆಯ ಬಾಯಿಯ ಅಂಚಿಗೆ ತಾಗಿತು. ಒಂದು ಸಣ್ಣ ಬಿಳಿ ಕಿಡಿ, ಅಷ್ಟೇ. ತೆಗೆದು ನೋಡಿದರೆ ದುಂಡಗಿದ್ದ ಬಾಯಿಯ ಒಂದು ಪಕ್ಕ ಕಚ್ಚಿದ ಹಾಗಾಗಿತ್ತು. ಅಲ್ಲೂ ಅದೇ ಕಥೆ. ಯಂತ್ರ ಬೆಚ್ಚಗಾಗಿ ನಿಲ್ಲುವವರೆಗೆ ಕಾಯಲೇಬೇಕು. ಮರುದಿನದಿಂದ ಅವರೂ ಎರಡು ಗಂಟೆ ಕಾಯತೊಡಗಿದರು.

ನನ್ನ ಮೇಜಿನ ಮೇಲೆ ಕ್ಯಾಲ್ಸಿಯಂ ಪ್ರಶ್ನೆ ಹಾಗೇ ಉಳಿದಿತ್ತು. ಹರಡಿದೆ ಅನ್ನಲು ಸಾಕ್ಷಿ ಇಲ್ಲ ಅನ್ನುವುದೇನೋ ಗೊತ್ತಾಯಿತು. ಹರಡಿಲ್ಲ ಅನ್ನುವುದಕ್ಕೂ ಸಾಕ್ಷಿ ಬೇಕಲ್ವಾ? ಟ್ಯೂಬ್ ಮತ್ತು ಲೆನ್ಸಿನ ನಡುವೆ 0.1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ ಇಟ್ಟೆವು. 5 ಕೆಇವಿ ಕಿರಣ ಅದನ್ನು ದಾಟುವುದು ನೂರಕ್ಕೆ ಒಂದು ಪಾಲೂ ಇಲ್ಲ. 17.5 ಕೆಇವಿಯದು ನೂರಕ್ಕೆ 85ಕ್ಕಿಂತ ಜಾಸ್ತಿ ದಾಟುತ್ತದೆ. ಅಗಲ ಹರಡುವ ಕಿರಣಗಳು ಅಲ್ಲೇ ನಿಂತವು. ಟೈಟಾನಿಯಂ ಹಾಳೆಯ ಅಂಚನ್ನು ಮತ್ತೆ ಅಳೆದೆ. 45 ಇದ್ದದ್ದು 30ಕ್ಕೆ ಇಳಿಯಿತು.

ಆದರೆ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಎಬ್ಬಿಸುತ್ತಿದ್ದ ಕಿರಣಗಳೂ ಅವೇ ಆಗಿದ್ದವು. ಎಣಿಕೆ ತೀರಾ ಬಿದ್ದುಹೋಯಿತು. ಪೂರ್ತಿ ಚಿತ್ರದ ಮಾತೇ ಇಲ್ಲ. ಸಂಜೆ ಟ್ಯೂಬ್ ಬೆಚ್ಚಗಾದ ಮೇಲೆ ಕಾಳಿನ ಅಡ್ಡಕ್ಕೆ ಒಂದೇ ಒಂದು ಗೆರೆ ಹಚ್ಚಿ, ಬಾಗಿಲು ಹಾಕಿ ಹೋದೆ. ಬೆಳಿಗ್ಗೆ ಬಂದು ನೋಡಿದಾಗ ಕ್ಯಾಲ್ಸಿಯಂ ಗೆರೆಯ ಎರಡು ತುದಿಯಲ್ಲಿ ಎರಡು ಕಿರಿದಾದ ಶಿಖರಗಳು ನಿಂತಿದ್ದವು. ಸತುವಿನ ಶಿಖರಗಳ ಮೇಲೆ ಇಟ್ಟು ನೋಡಿದೆ. ಅಗಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ಹಳೆಯ ವಾಕ್ಯ ಹೊಡೆದುಹಾಕಿದ್ದ ಜಾಗದ ಕೆಳಗೆ ಗೆರೆಯ ಚಿತ್ರ ಅಂಟಿಸಿದೆ. ಪಕ್ಕದಲ್ಲಿ ಎರಡು ಅಳತೆ ಬರೆದೆ: ಹಾಳೆ ಇಲ್ಲದೆ 45, ಹಾಳೆ ಇಟ್ಟು 30.